ಮಾಟುಂಗಾದ ಒಂದು ಮಕ್ಕಳ ದಂತ ಚಿಕಿತ್ಸಾಲಯ: ಮುರಿದ ಹಲ್ಲಿಗೆ ಸಿಕ್ಕ ಆರೈಕೆ

ಮುಂಬೈನ ಮಾಟುಂಗಾ ಪೂರ್ವದಲ್ಲಿ, ಮಹೇಶ್ವರಿ ಉದ್ಯಾನದಿಂದ ನಡೆದು ಹೋಗುವಷ್ಟು ಹತ್ತಿರದ ಹಳೆಯ ಕಟ್ಟಡವೊಂದರ ಮೊದಲ ಮಹಡಿಯಲ್ಲಿ ಮಕ್ಕಳಿಗೆಂದೇ ನಡೆಯುವ ದಂತ ಚಿಕಿತ್ಸಾಲಯವಿದೆ. ಎಂಟು ವರ್ಷದ ನನ್ನ ಮಗ ಆಡುತ್ತ ಬಿದ್ದು ಮುಂದಿನ ಬಾಚಿಹಲ್ಲನ್ನು ಮುರಿದುಕೊಂಡಾಗ ಅವನಿಗೆ ಚಿಕಿತ್ಸೆ ಆದದ್ದು ಅಲ್ಲಿ. ಈ ವಿಮರ್ಶೆಯನ್ನು ಹಲ್ಲು ಸರಿಹೋದ ವಾರದಲ್ಲೇ ಬರೆಯಬಹುದಿತ್ತು, ಆದರೆ ಬೇಕೆಂದೇ ಬರೆಯಲಿಲ್ಲ. ಮುರಿದ ಹಲ್ಲಿಗೆ ಮಾಡಿದ ಕೆಲಸ ಅಂದವಾಗಿದೆಯೇ ಎಂಬುದು ಅಂದೇ ಕನ್ನಡಿಯಲ್ಲಿ ಕಾಣುತ್ತದೆ, ಆದರೆ ಆ ಹಲ್ಲು ಒಳಗೆ ಜೀವಂತವಾಗಿ ಉಳಿಯಿತೇ, ಅದರ ಬೇರು ಬೆಳೆಯುತ್ತಿದೆಯೇ ಎಂಬುದು ತಿಂಗಳುಗಳು ಕಳೆದ ಮೇಲಷ್ಟೇ ತಿಳಿಯುತ್ತದೆ. ಈಗ ವರ್ಷ ತುಂಬುತ್ತ ಬಂದಿದೆ. ಹಲ್ಲನ್ನು ಅಂಟಿಸಿದ ಕೈಚಳಕಕ್ಕಿಂತಲೂ, ಅವಸರ ಮಾಡದೆ ಅದನ್ನು ಕಾದು ನೋಡಿದ ರೀತಿಗಾಗಿ ಈ ಚಿಕಿತ್ಸಾಲಯವನ್ನು ನಾನು ಇತರ ತಂದೆತಾಯಿಗಳಿಗೆ ಮನಸಾರೆ ಹೇಳುತ್ತೇನೆ. ವೈದ್ಯೆಯವರು ತಮ್ಮ ಹೆಸರನ್ನು ಇಂತಹ ಬರಹಗಳಲ್ಲಿ ಹಾಕುವುದು ಬೇಡವೆಂದು ಕೇಳಿಕೊಂಡಿರುವುದರಿಂದ ಹೆಸರು ಬರೆದಿಲ್ಲ.

ನಾವು ಇರುವುದು ಮುಲುಂಡಿನಲ್ಲಿ. ಸಂಜೆ ಸೊಸೈಟಿಯ ಆವರಣದಲ್ಲಿ ಮಕ್ಕಳೊಂದಿಗೆ ಓಡಾಡುತ್ತಿದ್ದ ಮಗ ಮೆಟ್ಟಿಲಿನ ಅಂಚಿಗೆ ಮುಖ ಬಡಿದುಕೊಂಡ. ಮೇಲ್ದವಡೆಯ ಎರಡು ನಡುಹಲ್ಲುಗಳಲ್ಲಿ ಎಡಗಡೆಯದರ ಮೂಲೆ ಓರೆಯಾಗಿ, ಹಲ್ಲಿನ ಸುಮಾರು ಮೂರನೆಯ ಒಂದು ಭಾಗದಷ್ಟು, ಮುರಿದು ಬಿದ್ದಿತ್ತು. ಕೆಳತುಟಿ ಒಡೆದು ಊದಿಕೊಂಡಿತ್ತು. ಪಕ್ಕದ ಮನೆಯ ಶೆಟ್ಟರ ಹೆಂಡತಿ ಟಾರ್ಚ್ ಹಿಡಿದು ನೆಲದ ಮೇಲೆ ಹುಡುಕಿ, ಆ ಚೂರನ್ನು ಎತ್ತಿ ಹಾಲು ತುಂಬಿದ ಸ್ಟೀಲ್ ಲೋಟದಲ್ಲಿ ಹಾಕಿಟ್ಟರು. ಅವರಿಗೆ ನಾನು ಇಂದಿಗೂ ಕೃತಜ್ಞಳು, ಏಕೆಂದರೆ ಮಗನ ಬಾಯಲ್ಲಿ ಈಗ ಇರುವುದು ಅವನದೇ ಹಲ್ಲಿನ ಆ ಚೂರು.

ಅಂದು ರಾತ್ರಿ ಮನೆಗೆ ಹತ್ತಿರವೆಂದು ಮೊದಲು ಹೋದದ್ದು ಬೇರೊಂದು ದಂತ ಚಿಕಿತ್ಸಾಲಯಕ್ಕೆ. ಅಲ್ಲಿ ಟಾರ್ಚ್ ಹಾಕಿ ಒಂದು ಕ್ಷಣ ನೋಡಿ, ರೂಟ್ ಕೆನಾಲ್ (ಹಲ್ಲಿನೊಳಗಿನ ತಿರುಳನ್ನು ತೆಗೆದು ತುಂಬುವ ಚಿಕಿತ್ಸೆ) ಮಾಡಿ ಮೇಲೆ ಕ್ಯಾಪ್ ಕೂರಿಸಬೇಕು, ಮರುದಿನವೇ ಶುರು ಮಾಡೋಣ ಎಂದರು. ಎಕ್ಸ್‌ರೇ ತೆಗೆಯಲಿಲ್ಲ. ಲೋಟದಲ್ಲಿದ್ದ ಚೂರನ್ನು ತೋರಿಸಿದರೆ ಅದು ಇನ್ನು ಉಪಯೋಗಕ್ಕೆ ಬರುವುದಿಲ್ಲ ಎಂದರು. ಅಂದಾಜು ವೆಚ್ಚ 18,000 ರೂಪಾಯಿ ಎಂದು ಬರೆದುಕೊಟ್ಟರು. ಹಣಕ್ಕಿಂತ ನನ್ನನ್ನು ಕಾಡಿದ್ದು ಮುರಿದ ಹಲ್ಲಿನ ಮೇಲೆ ಏನನ್ನೂ ಹಚ್ಚದೆ ಕಳುಹಿಸಿದ್ದು. ರಾತ್ರಿಯೆಲ್ಲ ಮಗ ಬಾಯಿ ತೆರೆದು ಉಸಿರೆಳೆದಾಗೊಮ್ಮೆ ಹಲ್ಲು ಜುಮ್ಮೆನ್ನುತ್ತದೆ ಎಂದು ಎದ್ದು ಕೂರುತ್ತಿದ್ದ.

ಮಾಟುಂಗಾದ ವೈದ್ಯೆಯ ದೂರವಾಣಿ ಸಂಖ್ಯೆ ಸಿಕ್ಕಿದ್ದು ಭಾವು ದಾಜಿ ರಸ್ತೆಯ ಮೈಸೂರು ಅಸೋಸಿಯೇಷನ್ನಿನ ಕಾರ್ಯಕ್ರಮಗಳಿಗೆ ಬರುವ ಗೆಳತಿಯೊಬ್ಬರಿಂದ. ಬೆಳಿಗ್ಗೆ ಕರೆ ಮಾಡಿದೆ. ಸ್ವಾಗತದಲ್ಲಿದ್ದವರು ಸಮಯ ಕೊಟ್ಟು ಫೋನ್ ಇಡಬಹುದಿತ್ತು. ಹಾಗೆ ಮಾಡದೆ ಒಂದೊಂದಾಗಿ ಕೇಳತೊಡಗಿದರು. ಬಿದ್ದಾಗ ಪ್ರಜ್ಞೆ ತಪ್ಪಿತ್ತೇ, ಆಮೇಲೆ ವಾಂತಿ ಆಯಿತೇ, ಬಾಯಿ ಪೂರ್ತಿ ತೆರೆಯಲು ಆಗುತ್ತದೆಯೇ, ಮುರಿದ ಜಾಗದ ನಡುವೆ ಕೆಂಪು ಚುಕ್ಕೆ ಅಥವಾ ರಕ್ತ ಕಾಣುತ್ತದೆಯೇ, ಹಲ್ಲು ಅಲುಗಾಡುತ್ತದೆಯೇ, ಚೂರು ಸಿಕ್ಕಿದೆಯೇ, ಧನುರ್ವಾಯುವಿನ ಚುಚ್ಚುಮದ್ದು ಸರಿಯಾಗಿ ಆಗಿದೆಯೇ. ಆ ಚೂರನ್ನು ಒಣಗಲು ಬಿಡಬೇಡಿ, ಹಾಲಿನಲ್ಲೋ ನೀರಿನಲ್ಲೋ ಇಟ್ಟುಕೊಂಡೇ ಬನ್ನಿ ಎಂದರು. ಮಧ್ಯಾಹ್ನಕ್ಕೆ ಮೊದಲೇ ಬರಲು ಹೇಳಿದರು. ಒಂದು ಚಿಕಿತ್ಸಾಲಯವನ್ನು ಫೋನಿನಲ್ಲಿಯೇ ಅರ್ಧ ಅಳೆಯಬಹುದು ಎಂದು ನನಗೆ ಅನ್ನಿಸಿದ್ದು ಆಗ. ಪೆಟ್ಟು ತಿಂದ ಮಗುವಿನಲ್ಲಿ ಹಲ್ಲಿಗಿಂತ ಮೊದಲು ವಿಚಾರಿಸಬೇಕಾದದ್ದು ತಲೆಯನ್ನು, ಮತ್ತು ಅದನ್ನು ಅವರು ಮೊದಲು ವಿಚಾರಿಸಿದರು.

ಇದೇ ಸಂದರ್ಭದಲ್ಲಿ ಒಂದು ಮಾತು ಹೇಳಲೇಬೇಕು. ಚಕ್ಕೆ ಎದ್ದ ಹಲ್ಲಿಗೂ ಬೇರುಸಹಿತ ಕಿತ್ತು ಹೊರಬಿದ್ದ ಹಲ್ಲಿಗೂ ಮಾಡಬೇಕಾದದ್ದು ಬೇರೆ ಬೇರೆ. ಶಾಶ್ವತ ಹಲ್ಲು ಇಡಿಯಾಗಿ ಹೊರಬಂದರೆ ಬೇರನ್ನು ಮುಟ್ಟದೆ, ನಾವು ನಕ್ಕಾಗ ಕಾಣುವ ಬಿಳಿಯ ಭಾಗವನ್ನು ಹಿಡಿದೆತ್ತಿ, ಮಣ್ಣಾಗಿದ್ದರೆ ಮೆಲ್ಲಗೆ ಒಮ್ಮೆ ತೊಳೆದು ಕೂಡಲೇ ಅದರ ಗೂಡಿನಲ್ಲಿ ಕೂರಿಸಬೇಕು. ಅದು ಸಾಧ್ಯವಾಗದಿದ್ದರೆ ಹಾಲಿನಲ್ಲಿ ಇಟ್ಟುಕೊಂಡು ತಡಮಾಡದೆ ದಂತವೈದ್ಯರ ಬಳಿ ಓಡಬೇಕು. ಅಂತಹ ಹಲ್ಲನ್ನು ಬರಿಯ ನೀರಿನಲ್ಲಿ ಇಡುವುದು ಒಳ್ಳೆಯದಲ್ಲ, ಬೇರಿನ ಮೇಲಿನ ಜೀವಕೋಶಗಳು ನೀರಿನಲ್ಲಿ ಬೇಗ ಸಾಯುತ್ತವೆ. ಹಾಲುಹಲ್ಲು ಬಿದ್ದಿದ್ದರೆ ಅದನ್ನು ಮರಳಿ ಕೂರಿಸಲೇಬಾರದು, ಕೆಳಗೆ ಬೆಳೆಯುತ್ತಿರುವ ಶಾಶ್ವತ ಹಲ್ಲಿಗೆ ಅದರಿಂದ ಹಾನಿಯಾಗುತ್ತದೆ. ಇಷ್ಟನ್ನೂ ದಪ್ಪಕ್ಷರದಲ್ಲಿ ಬರೆದ ಹಾಳೆಯೊಂದನ್ನು ಇಂಗ್ಲಿಷ್, ಮರಾಠಿ ಮತ್ತು ಹಿಂದಿಯಲ್ಲಿ ಕಾಯುವ ಕೋಣೆಯ ಗೋಡೆಗೆ ಅಂಟಿಸಿದ್ದಾರೆ. ಕನ್ನಡದಲ್ಲಿಯೂ ಒಂದು ಇದ್ದರೆ ಆಗಬಹುದು ಎಂದು ನಾನು ಹೇಳಿದಾಗ ವೈದ್ಯೆ ಸಂತೋಷದಿಂದ ಒಪ್ಪಿದರು, ಅನುವಾದವನ್ನು ನಾನೇ ಮಾಡಿಕೊಟ್ಟಿದ್ದೇನೆ.

ಪರೀಕ್ಷೆಗೆ ಅವರು ತೆಗೆದುಕೊಂಡ ಸಮಯ ನನಗೆ ಬಹಳ ಹಿಡಿಸಿತು. ಮೊದಲು ಊದಿದ ತುಟಿಯನ್ನು ಬೆರಳುಗಳ ನಡುವೆ ಒತ್ತಿ ನೋಡಿ, ಒಳಗೆ ಹಲ್ಲಿನ ಚಕ್ಕೆ ಏನಾದರೂ ಹೂತುಹೋಗಿದೆಯೇ ಎಂದು ತುಟಿಯದೇ ಒಂದು ಎಕ್ಸ್‌ರೇ ತೆಗೆದರು. ನಮ್ಮ ಲೋಟದಲ್ಲಿದ್ದ ಚೂರನ್ನು ಹಲ್ಲಿಗೆ ಹಿಡಿದು ಅಂಚುಗಳು ಕೂಡುತ್ತವೆಯೇ, ನಡುವೆ ಯಾವ ಭಾಗವಾದರೂ ಕಾಣೆಯಾಗಿದೆಯೇ ಎಂದು ಪರಿಶೀಲಿಸಿದರು. ಕಾಣೆಯಾದ ಚೂರು ತುಟಿಯೊಳಗೆ ಉಳಿದರೆ ಗಾಯ ಮಾಯದೆ ಕೀವು ತುಂಬುತ್ತದೆಯಂತೆ. ಆಮೇಲೆ ಮುರಿದ ಹಲ್ಲನ್ನಷ್ಟೇ ಅಲ್ಲದೆ ಅದರ ಅಕ್ಕಪಕ್ಕದ ಹಲ್ಲುಗಳನ್ನೂ, ಎದುರಿನ ಕೆಳಹಲ್ಲುಗಳನ್ನೂ ಅಲುಗಾಡಿಸಿ ನೋಡಿದರು, ಮೆಲ್ಲಗೆ ತಟ್ಟಿ ನೋವಿದೆಯೇ ಎಂದು ಕೇಳಿದರು. ಹತ್ತಿಯ ಸಣ್ಣ ಉಂಡೆಗೆ ಅತಿ ತಣ್ಣನೆಯ ಸ್ಪ್ರೇ ಹಾಕಿ ಒಂದೊಂದೇ ಹಲ್ಲಿಗೆ ತಾಗಿಸಿದರು. ಪಕ್ಕದ ಹಲ್ಲಿನಲ್ಲಿ ಮಗನಿಗೆ ತಕ್ಷಣ ತಣ್ಣಗೆ ತಿಳಿಯಿತು, ಮುರಿದ ಹಲ್ಲಿನಲ್ಲಿ ಏನೂ ತಿಳಿಯಲಿಲ್ಲ.

ಅದನ್ನು ಕೇಳಿ ನನ್ನ ಎದೆ ಧಸಕ್ಕೆಂದಿತು. ಹಾಗಾದರೆ ನಿನ್ನೆ ರಾತ್ರಿ ಹೇಳಿದ ರೂಟ್ ಕೆನಾಲ್ ಮಾತೇ ಸರಿಯೇ ಎಂದು ಕೇಳಿದೆ. ಅವರು ಕೈಗವಸು ಕಳಚಿ, ಕುರ್ಚಿ ಎಳೆದುಕೊಂಡು ನನ್ನೆದುರು ಕುಳಿತು, ಮಗನ ಎಕ್ಸ್‌ರೇಯನ್ನು ಪರದೆಯ ಮೇಲೆ ದೊಡ್ಡದಾಗಿ ಇಟ್ಟು ವಿವರಿಸಿದರು. ಪೆಟ್ಟು ಬಿದ್ದ ಹಲ್ಲು ಕೆಲವು ವಾರಗಳ ಕಾಲ, ಕೆಲವೊಮ್ಮೆ ಮೂರು ತಿಂಗಳವರೆಗೂ, ಈ ಪರೀಕ್ಷೆಗೆ ಉತ್ತರ ಕೊಡದಿರಬಹುದು. ಅದು ಸತ್ತಿದೆ ಎಂದು ಅದರಿಂದ ತೀರ್ಮಾನಿಸಲಾಗದು, ಅದರಲ್ಲೂ ಬೇರು ಪೂರ್ತಿ ಬೆಳೆಯದ ಮಗುವಿನ ಹಲ್ಲಿನಲ್ಲಿ ಈ ಪರೀಕ್ಷೆಗಳು ಅಷ್ಟು ನೆಚ್ಚತಕ್ಕವೂ ಅಲ್ಲ. ಪರದೆಯ ಮೇಲೆ ಅವರು ತೋರಿಸಿದ್ದು ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ: ಮೇಲ್ದವಡೆಯ ಈ ನಡುಹಲ್ಲುಗಳು ಏಳೆಂಟು ವರ್ಷಕ್ಕೆ ಬಾಯಲ್ಲಿ ಕಾಣಿಸಿಕೊಂಡರೂ ಅವುಗಳ ಬೇರು ಪೂರ್ಣವಾಗುವುದು ಸುಮಾರು ಹತ್ತು ವರ್ಷಕ್ಕೆ. ಅಲ್ಲಿಯವರೆಗೆ ಬೇರಿನ ತುದಿ ಲಾಳಿಕೆಯ ಬಾಯಿಯಂತೆ ಅಗಲವಾಗಿ ತೆರೆದಿರುತ್ತದೆ, ಗೋಡೆಗಳು ತೆಳ್ಳಗಿರುತ್ತವೆ. ಒಳಗಿನ ತಿರುಳು ಜೀವಂತವಾಗಿದ್ದರೆ ಮಾತ್ರ ಆ ಗೋಡೆಗಳು ದಪ್ಪವಾಗಿ, ತುದಿ ಮುಚ್ಚಿಕೊಳ್ಳುತ್ತದೆ. ಈಗಲೇ ತಿರುಳನ್ನು ತೆಗೆದುಹಾಕಿದರೆ ಬೇರಿನ ಬೆಳವಣಿಗೆ ಅಲ್ಲಿಗೇ ನಿಂತು, ತೆಳುವಾದ ಹಲ್ಲು ಮುಂದೆ ಸಣ್ಣ ಪೆಟ್ಟಿಗೂ ಬೇರಿನ ಬಳಿ ಮುರಿಯುವ ಅಪಾಯ ಇರುತ್ತದೆ.

ಹಲ್ಲಿನ ಹೊರಕವಚ ಎನಾಮಲ್, ಅದರೊಳಗೆ ಡೆಂಟಿನ್, ಅದರೊಳಗೆ ನರ ಮತ್ತು ರಕ್ತನಾಳಗಳಿರುವ ತಿರುಳು. ಮಗನ ಹಲ್ಲು ಎನಾಮಲ್ ದಾಟಿ ಡೆಂಟಿನ್ನಿನವರೆಗೆ ಮುರಿದಿತ್ತು, ತಿರುಳು ಹೊರಗೆ ಕಾಣುತ್ತಿರಲಿಲ್ಲ. ದಂತವೈದ್ಯರು ಇದನ್ನು ಎಲಿಸ್ ಎರಡನೆಯ ವರ್ಗದ ಮುರಿತ ಎನ್ನುತ್ತಾರೆ. ಡೆಂಟಿನ್ನಿನಲ್ಲಿ ತಿರುಳಿನವರೆಗೆ ಹೋಗುವ ಅತಿ ಸೂಕ್ಷ್ಮ ನಾಳಗಳು ಇರುವುದರಿಂದ ಅದು ತೆರೆದಿದ್ದಷ್ಟು ಹೊತ್ತು ಗಾಳಿ, ತಂಪು ತಾಗಿ ಜುಮ್ಮೆನ್ನುತ್ತದೆ, ರೋಗಾಣುಗಳಿಗೂ ಅದು ದಾರಿ. ಆದ್ದರಿಂದ ಅದನ್ನು ಬೇಗ ಮುಚ್ಚುವುದೇ ಇಲ್ಲಿ ಮುಖ್ಯ ಚಿಕಿತ್ಸೆ. ಒಂದು ವೇಳೆ ತಿರುಳು ತೆರೆದು ರಕ್ತ ಕಂಡಿದ್ದರೂ ಈ ವಯಸ್ಸಿನಲ್ಲಿ ನೇರವಾಗಿ ರೂಟ್ ಕೆನಾಲ್ ಮಾಡುತ್ತಿರಲಿಲ್ಲ ಎಂದರು ಅವರು. ತಿರುಳಿನ ಮೇಲಿನ ಸುಮಾರು ಎರಡು ಮಿಲಿಮೀಟರ್ ಭಾಗವನ್ನಷ್ಟೇ ತೆಗೆದು, ಉಳಿದದ್ದರ ಮೇಲೆ ಔಷಧದ ಸಿಮೆಂಟ್ ಇಟ್ಟು ಮುಚ್ಚುವ ವಿಧಾನವಿದೆ. ಸ್ವೀಡನ್ನಿನಲ್ಲಿ ಕೆಲಸ ಮಾಡಿದ ದಂತವೈದ್ಯ ಸ್ವೆಕ್ 1978ರಲ್ಲಿ ಪ್ರಕಟಿಸಿದ ಈ ವಿಧಾನವನ್ನು ಇಂದಿಗೂ ಅವರ ಹೆಸರಿನಿಂದಲೇ ಸ್ವೆಕ್ ಪಲ್ಪಾಟಮಿ ಎಂದು ಕರೆಯುತ್ತಾರೆ. ಅಂತರರಾಷ್ಟ್ರೀಯ ದಂತ ಆಘಾತ ಸಂಘಟನೆ 2020ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯೂ ಬೆಳೆಯುತ್ತಿರುವ ಹಲ್ಲಿನ ತಿರುಳನ್ನು ಉಳಿಸಿಕೊಳ್ಳಿ ಎಂದೇ ಹೇಳುತ್ತದೆ ಎಂದು ಅವರು ಆ ಪುಟವನ್ನು ತೆರೆದು ತೋರಿಸಿದರು. ಓದಿಕೊಳ್ಳಿ ಎಂದು ನನ್ನ ಫೋನಿಗೂ ಕಳುಹಿಸಿದರು. ಹೆದರಿಕೊಂಡು ಬಂದ ತಾಯಿಗೆ ಸಮಾಧಾನದ ಮಾತುಗಳನ್ನಾಡಿ ಕಳುಹಿಸುವುದು ಸುಲಭ. ಅವಳು ಸ್ವತಃ ಓದಿ ತೀರ್ಮಾನಿಸಬಲ್ಲಳು ಎಂದು ನಂಬಿ ಮೂಲವನ್ನೇ ಕೈಗಿಡುವ ವೈದ್ಯರು ಅಪರೂಪ ಎಂದು ನನ್ನ ಭಾವನೆ.

ಇನ್ನು ಚಿಕಿತ್ಸೆ. ಹಾಲಿನಿಂದ ತೆಗೆದ ಚೂರನ್ನು ತೊಳೆದು ಸಲೈನಿನಲ್ಲಿ ಇಪ್ಪತ್ತು ನಿಮಿಷ ನೆನೆಯಲು ಇಟ್ಟರು. ಚೂರು ಒಣಗಿದ್ದರೆ ಅಂಟು ಗಟ್ಟಿಯಾಗಿ ಕೂರುವುದಿಲ್ಲ, ಬಣ್ಣವೂ ಸುಣ್ಣದಂತೆ ಬೆಳ್ಳಗಾಗಿ ಪಕ್ಕದ ಹಲ್ಲಿಗೆ ಹೊಂದುವುದಿಲ್ಲವಂತೆ. ತಿರುಳಿಗೆ ಹತ್ತಿರವಾಗಿ ನಸುಗೆಂಪಾಗಿ ಕಾಣುತ್ತಿದ್ದ ಒಂದು ಪುಟ್ಟ ಜಾಗಕ್ಕೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಹಚ್ಚಿ, ಅದರ ಮೇಲೆ ಗ್ಲಾಸ್ ಅಯನೊಮರ್ ಸಿಮೆಂಟಿನ ತೆಳುವಾದ ಪದರ ಕೊಟ್ಟರು. ಆ ಪದರಕ್ಕೆ ಜಾಗವಾಗುವಂತೆ ಚೂರಿನ ಒಳಮೈಯನ್ನು ಸ್ವಲ್ಪ ಕೊರೆದುಕೊಂಡರು. ಎಂಜಲು ತಾಗಿದರೆ ಅಂಟು ಹಿಡಿಯುವುದಿಲ್ಲವಾದ್ದರಿಂದ ರಬ್ಬರ್ ಡ್ಯಾಮ್ ಎಂಬ ತೆಳುವಾದ ಹಾಳೆಯನ್ನು ಹಲ್ಲುಗಳ ಸುತ್ತ ಕಟ್ಟಿದರು. ಅದರಿಂದ ಚೂರು ಜಾರಿ ಗಂಟಲಿಗೆ ಹೋಗುವ ಭಯವೂ ಇರುವುದಿಲ್ಲ. ಆಮೇಲೆ ಹಲ್ಲಿಗೂ ಚೂರಿಗೂ ಫಾಸ್ಫಾರಿಕ್ ಆಮ್ಲದ ಜೆಲ್ ಹಚ್ಚಿ ತೊಳೆದು, ಅಂಟುದ್ರವ ಲೇಪಿಸಿ, ಕಾಂಪೋಸಿಟ್ ಎಂಬ ಹಲ್ಲಿನ ಬಣ್ಣದ ರಾಳ ಇಟ್ಟು ಚೂರನ್ನು ಅದರ ಜಾಗಕ್ಕೆ ಕೂರಿಸಿ, ನೀಲಿ ಬೆಳಕು ಹಾಯಿಸಿ ಗಟ್ಟಿಮಾಡಿದರು. ಸೇರಿದ ಗೆರೆ ಕಾಣದಿರಲೆಂದು ಅದರ ಉದ್ದಕ್ಕೂ ಆಳವಿಲ್ಲದ ತೋಡನ್ನು ಕೊರೆದು ಕಾಂಪೋಸಿಟ್‌ನಿಂದ ತುಂಬಿ ನಯಗೊಳಿಸಿದರು. ಬಣ್ಣವನ್ನು ಮಾತ್ರ ಎಲ್ಲಕ್ಕಿಂತ ಮೊದಲೇ, ಹಲ್ಲು ಇನ್ನೂ ಒದ್ದೆಯಾಗಿದ್ದಾಗಲೇ ಆಯ್ದುಕೊಂಡಿದ್ದರು. ಇಷ್ಟು ಕೆಲಸಕ್ಕೆ ಮರಗಟ್ಟಿಸುವ ಚುಚ್ಚುಮದ್ದು ಬೇಕಾಗಲಿಲ್ಲ.

ಮಗು ಇದನ್ನೆಲ್ಲ ಸಹಿಸಿಕೊಂಡದ್ದು ಹೇಗೆ ಎಂದು ಕೇಳುವವರಿಗೆ ಹೇಳಬೇಕಾದದ್ದು ಬೇಕಾದಷ್ಟಿದೆ. ವೈದ್ಯೆ ಮರಾಠಿಯವರು. ಮಗನೊಡನೆ ಮರಾಠಿ ಹಿಂದಿ ಬೆರೆಸಿ ಮಾತನಾಡುತ್ತ, ಪ್ರತಿಯೊಂದು ಉಪಕರಣವನ್ನೂ ಮೊದಲು ಏನೆಂದು ಹೇಳಿ, ಅವನ ಉಗುರಿನ ಮೇಲೆ ಹಿಡಿದು ತೋರಿಸಿ, ಆಮೇಲಷ್ಟೇ ಬಾಯಿಗೆ ತರುತ್ತಿದ್ದರು. ಎಡಗೈ ಎತ್ತಿದರೆ ತಕ್ಷಣ ನಿಲ್ಲಿಸುತ್ತೇನೆ ಎಂದು ಮಾತು ಕೊಟ್ಟಿದ್ದರು, ಅವನು ಕೈ ಎತ್ತಿದಾಗಲೆಲ್ಲ ನಿಜವಾಗಿಯೂ ನಿಲ್ಲಿಸಿದರು. ನೋವೇ ಆಗುವುದಿಲ್ಲ ಎಂದು ಒಮ್ಮೆಯೂ ಹೇಳಲಿಲ್ಲ. ಇದು ತಣ್ಣಗಿರುತ್ತದೆ, ಇದು ಹುಳಿಯಾಗಿರುತ್ತದೆ, ಇದು ಸದ್ದು ಮಾಡುತ್ತದೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಐದು ವರ್ಷದ ದಂತವೈದ್ಯ ಪದವಿ ಬಿಡಿಎಸ್ ಮುಗಿಸಿದ ಮೇಲೆ ಮಕ್ಕಳ ದಂತಚಿಕಿತ್ಸೆಯಲ್ಲಿಯೇ ಮೂರು ವರ್ಷ ಸ್ನಾತಕೋತ್ತರ ಎಂಡಿಎಸ್ ಓದಿದವರಿಗೂ ಇತರರಿಗೂ ಇರುವ ವ್ಯತ್ಯಾಸ ಹಲ್ಲಿನ ಕೆಲಸಕ್ಕಿಂತ ಇಲ್ಲಿ ಹೆಚ್ಚು ಕಾಣುತ್ತದೆ. ನನ್ನನ್ನೂ ನಮ್ಮ ಅತ್ತೆಯವರನ್ನೂ ಕೋಣೆಯಿಂದ ಹೊರಗೆ ಕಳುಹಿಸಲಿಲ್ಲ. ಅತ್ತೆಯವರಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬರುವುದಿಲ್ಲ. ಸ್ವಾಗತದ ಮಹಿಳೆ ಕುಂದಾಪುರದ ಕಡೆಯವರು. ಅವರು ಒಳಗೆ ಬಂದು ಮೆಲ್ಲನೆ ಪಕ್ಕದಲ್ಲಿ ನಿಂತು, ಈಗ ಏನು ಮಾಡುತ್ತಿದ್ದಾರೆ ಎಂದು ಅತ್ತೆಯವರಿಗೆ ಕನ್ನಡದಲ್ಲಿ ಹೇಳುತ್ತಲೇ ಇದ್ದರು. ಮನೆಯ ಹಿರಿಯರ ಆತಂಕ ಮಗುವಿಗೆ ಬಹಳ ಬೇಗ ಅಂಟಿಕೊಳ್ಳುತ್ತದೆ. ಅಜ್ಜಿ ನಿರಾಳವಾದುದನ್ನು ಕಂಡು ಮೊಮ್ಮಗನೂ ನಿರಾಳವಾದ.

ಮನೆಗೆ ಕಳುಹಿಸುವಾಗ ಕೊಟ್ಟ ಸೂಚನೆಗಳು ನಮ್ಮ ಅಡುಗೆಮನೆಯನ್ನು ಕೇಳಿ ತಿಳಿದು ಕೊಟ್ಟವು. ಒಂದು ವಾರ ಮೆತ್ತನೆಯ ಆಹಾರ: ಮೆತ್ತಗೆ ಬೇಯಿಸಿದ ಅನ್ನ, ಉಪ್ಪಿಟ್ಟು, ಇಡ್ಲಿ. ಮುಂದಿನ ಹಲ್ಲಿನಿಂದ ಕಚ್ಚುವಂತಿಲ್ಲ, ಚಪಾತಿಯನ್ನೂ ಹಣ್ಣನ್ನೂ ಚಿಕ್ಕ ತುಂಡು ಮಾಡಿ ಹಿಂದಿನ ಹಲ್ಲಿಗೆ ಕೊಡಬೇಕು. ಗಣೇಶನ ಹಬ್ಬ ಎದುರಿಗಿದ್ದುದರಿಂದ ಚಕ್ಕುಲಿ, ಕೋಡುಬಳೆ, ಕಬ್ಬುಗಳನ್ನು ಹೆಸರು ಹಿಡಿದು ಬೇಡವೆಂದರು. ಮೃದುವಾದ ಬ್ರಷ್‌ನಿಂದ ಎಂದಿನಂತೆ ಉಜ್ಜಬೇಕು, ನೋಯುತ್ತದೆಂದು ಉಜ್ಜುವುದನ್ನು ಬಿಟ್ಟರೆ ಒಸಡು ಕೆಡುತ್ತದೆ. ಕೆಲವು ದಿನ ಕ್ಲೋರ್‌ಹೆಕ್ಸಿಡಿನ್ ದ್ರಾವಣದಲ್ಲಿ ಬಾಯಿ ಮುಕ್ಕಳಿಸಬೇಕು. ಅರಿಸಿನ ಹಾಕಿದ ಸಾರು ಪಲ್ಯಗಳಿಂದ ಕಾಂಪೋಸಿಟ್ ಕಾಲಕ್ರಮೇಣ ಹಳದಿಯಾಗಬಹುದು, ಹಾಗೆಂದು ಊಟವನ್ನು ಬದಲಿಸಬೇಕಾಗಿಲ್ಲ, ಬಣ್ಣ ಕಂಡಾಗ ಪಾಲಿಷ್ ಮಾಡಿಕೊಡುತ್ತೇನೆ ಎಂದರು. ನೋವು ನಿವಾರಕವನ್ನು ಮಗುವಿನ ತೂಕ ನೋಡಿ ಬರೆದುಕೊಟ್ಟರು, ಆಂಟಿಬಯೋಟಿಕ್ ಕೊಡಲಿಲ್ಲ. ಇಂತಹ ಮುರಿತಕ್ಕೆ ಅದರ ಅಗತ್ಯವಿಲ್ಲ ಎಂದು ನಾನು ಕೇಳುವ ಮೊದಲೇ ಹೇಳಿದರು.

ಮುಂದಿನದೇ ಈ ಚಿಕಿತ್ಸಾಲಯದ ನಿಜವಾದ ಹಿರಿಮೆ. ಮಾರ್ಗಸೂಚಿಯ ಪ್ರಕಾರ ಇಂತಹ ಹಲ್ಲನ್ನು ಆರರಿಂದ ಎಂಟು ವಾರಗಳ ನಂತರ ಒಮ್ಮೆ, ವರ್ಷದ ನಂತರ ಇನ್ನೊಮ್ಮೆ ಎಕ್ಸ್‌ರೇ ಸಹಿತ ನೋಡಬೇಕು. ಮುರಿತ ತಿರುಳಿಗೆ ಹತ್ತಿರವಿದ್ದುದರಿಂದ ಇವರು ನಡುವೆ ಆರು ತಿಂಗಳಿಗೂ ಒಂದು ಪರೀಕ್ಷೆ ಸೇರಿಸಿದರು. ದಿನಾಂಕಗಳನ್ನು ನಮ್ಮ ನೆನಪಿಗೆ ಬಿಡದೆ ಅವರೇ ಮುಂಚಿತವಾಗಿ ಕರೆ ಮಾಡಿ ತಿಳಿಸಿದರು. ಪ್ರತಿ ಸಲವೂ ಅದೇ ಕೋನದಿಂದ ಎಕ್ಸ್‌ರೇ ತೆಗೆದು, ಹಿಂದಿನದರ ಪಕ್ಕದಲ್ಲಿಟ್ಟು, ಎರಡು ನಡುಹಲ್ಲುಗಳ ಬೇರುಗಳೂ ಸಮನಾಗಿ ಬೆಳೆಯುತ್ತಿವೆಯೇ ಎಂದು ಹೋಲಿಸಿ ತೋರಿಸಿದರು. ಪೆಟ್ಟು ತಿಂದ ಹಲ್ಲಿನ ಬೇರು ಪಕ್ಕದ್ದಕ್ಕಿಂತ ಹಿಂದೆ ಬಿದ್ದರೆ ತಿರುಳು ಸತ್ತಿರುವ ಸೂಚನೆ. ಹಲ್ಲು ಬೂದುಬಣ್ಣಕ್ಕೆ ತಿರುಗುವುದು, ಒಸಡಿನಲ್ಲಿ ಕೀವಿನ ಗುಳ್ಳೆ ಏಳುವುದು, ಕಚ್ಚಿದಾಗ ನೋವು ಬರುವುದು ಇವುಗಳನ್ನು ಮನೆಯಲ್ಲಿ ಗಮನಿಸುತ್ತಿರಲು ನಮಗೆ ಹೇಳಿದ್ದರು, ಯಾವುದೂ ಕಾಣಿಸಿಕೊಳ್ಳಲಿಲ್ಲ. ಮೊದಲ ದಿನ ಏನೂ ತಿಳಿಯದಿದ್ದ ಹಲ್ಲು ಎರಡನೆಯ ಪರೀಕ್ಷೆಯ ಹೊತ್ತಿಗೆ ತಂಪಿಗೆ ಉತ್ತರ ಕೊಟ್ಟಿತು. ಆರು ತಿಂಗಳ ಎಕ್ಸ್‌ರೇಯಲ್ಲಿ ಬೇರಿನ ಗೋಡೆಗಳು ದಪ್ಪವಾಗಿರುವುದು ನನ್ನಂಥವಳಿಗೂ ಕಾಣುತ್ತಿತ್ತು. ಅಂದು ರಾತ್ರಿ ಆ ರೂಟ್ ಕೆನಾಲಿಗೆ ನಾವು ಒಪ್ಪಿದ್ದರೆ ಈ ಬೆಳವಣಿಗೆಗೆ ಅವಕಾಶವೇ ಇರುತ್ತಿರಲಿಲ್ಲ.

ಕೊರತೆಗಳೂ ಇವೆ. ಕಟ್ಟಡಕ್ಕೆ ಲಿಫ್ಟ್ ಇಲ್ಲ, ಮೆಟ್ಟಿಲುಗಳು ಕಡಿದಾಗಿವೆ, ಮೊಣಕಾಲು ನೋವಿರುವ ಅಜ್ಜ ಅಜ್ಜಿಯರು ಜೊತೆಗೆ ಬರುವುದಿದ್ದರೆ ಯೋಚಿಸಬೇಕು. ಕಾಯುವ ಕೋಣೆ ಬಹಳ ಚಿಕ್ಕದು. ವೈದ್ಯೆ ಪ್ರತಿ ಮಗುವಿಗೂ ಬೇಕಾದಷ್ಟು ಸಮಯ ಕೊಡುವುದರಿಂದ ಹೇಳಿದ ಸಮಯಕ್ಕೆ ಒಳಗೆ ಹೋಗುವುದು ಕಡಿಮೆ, ಶಾಲೆ ಬಿಟ್ಟ ಮೇಲಿನ ಹೊತ್ತಿನಲ್ಲಂತೂ ಒಂದು ಗಂಟೆಗೂ ಮೀರಿ ಕಾದದ್ದಿದೆ. ಖರ್ಚಿನ ಅಂದಾಜನ್ನು ಬಾಯಲ್ಲಿ ಹೇಳುತ್ತಾರೆ, ಬರೆದುಕೊಡುವುದು ಕೆಲಸ ಮುಗಿದ ಮೇಲೆ. ಇದನ್ನು ಮೊದಲೇ ಬರೆದುಕೊಡುವುದು ಒಳ್ಳೆಯದೆಂದು ನಾನು ಅವರಿಗೆ ನೇರವಾಗಿ ಹೇಳಿದ್ದೇನೆ. ನಮಗೆ ಆದ ಖರ್ಚು ಹೀಗಿತ್ತು: ಮೊದಲ ಸಲಹೆಗೆ 700 ರೂಪಾಯಿ, ಎಕ್ಸ್‌ರೇ ಒಂದಕ್ಕೆ 350, ಹಲ್ಲಿನ ಚೂರು ಅಂಟಿಸಿದ್ದಕ್ಕೆ 3,500, ಆಮೇಲಿನ ಪ್ರತಿ ಪರೀಕ್ಷೆಗೆ 400. ಹಲವು ಮನೆಗಳಿಗೆ ಇದು ಹಗುರವಾದ ಮೊತ್ತವಲ್ಲ. ಖಾಸಗಿ ವೆಚ್ಚ ಭರಿಸಲಾಗದವರಿಗೆ ಮುಂಬೈ ಸೆಂಟ್ರಲ್‌ನಲ್ಲಿ ಮಹಾನಗರ ಪಾಲಿಕೆ ನಡೆಸುವ ನಾಯರ್ ಆಸ್ಪತ್ರೆ ದಂತ ಕಾಲೇಜು ಇದೆ, ಸಿಎಸ್‌ಎಂಟಿ ರೈಲು ನಿಲ್ದಾಣದ ಬಳಿ ಸರ್ಕಾರಿ ದಂತ ಕಾಲೇಜು ಇದೆ. ಎರಡರಲ್ಲಿಯೂ ಮಕ್ಕಳ ದಂತಚಿಕಿತ್ಸೆಗೆ ಪ್ರತ್ಯೇಕ ವಿಭಾಗವಿದೆ. ಈ ವಿಷಯವನ್ನು ನನಗೆ ತಿಳಿಸಿದವರೂ ಈ ವೈದ್ಯೆಯೇ. ಇನ್ನೊಬ್ಬ ತಾಯಿ ಹಣಕ್ಕಾಗಿ ಹಿಂಜರಿಯುತ್ತಿದ್ದಾಗ ಡೆಂಟಿನ್ ಮೇಲೆ ತಾತ್ಕಾಲಿಕ ಸಿಮೆಂಟ್ ಹಚ್ಚಿ, ಪತ್ರ ಬರೆದುಕೊಟ್ಟು ನಾಯರ್‌ಗೆ ಕಳುಹಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಅಂಟಿಸಿದ ಹಲ್ಲು ಜೀವನಪೂರ್ತಿ ಹಾಗೆಯೇ ಇರುತ್ತದೆ ಎಂದು ಅವರು ಭರವಸೆ ಕೊಟ್ಟಿಲ್ಲ. ಮತ್ತೆ ಪೆಟ್ಟು ಬಿದ್ದರೆ ಚೂರು ಕಳಚಬಹುದು, ಆಗ ಕಾಂಪೋಸಿಟ್‌ನಿಂದಲೇ ಆ ಭಾಗವನ್ನು ಕಟ್ಟಬಹುದು. ಒಸಡಿನ ಮಟ್ಟ ಬೆಳವಣಿಗೆಯೊಂದಿಗೆ ಬದಲಾಗುವುದರಿಂದ ಸೆರಾಮಿಕ್ ಹೊದಿಕೆಯ ಯೋಚನೆಯನ್ನು ಬೆಳವಣಿಗೆ ಮುಗಿಯುವವರೆಗೆ, ಅಂದರೆ ಸುಮಾರು ಹದಿನೆಂಟು ವರ್ಷದವರೆಗೆ ಮುಂದೂಡುವುದು ಒಳ್ಳೆಯದು ಎಂದರು. ಮಗನ ಮೇಲಿನ ಹಲ್ಲುಗಳು ಕೊಂಚ ಮುಂಚಾಚಿವೆ. ಅಂತಹ ಮಕ್ಕಳಲ್ಲಿ ಮುಂದಿನ ಹಲ್ಲು ಮುರಿಯುವ ಸಂಭವ ಹೆಚ್ಚು ಎಂದು ಹೇಳಿದರೂ ಕ್ಲಿಪ್ ಹಾಕಿಸಿ ಎಂದು ಒತ್ತಾಯಿಸಲಿಲ್ಲ, ಕಾಯಂ ಹಲ್ಲುಗಳು ಇನ್ನಷ್ಟು ಬಂದ ಮೇಲೆ ಹಲ್ಲಿನ ಸಾಲು ಸರಿಪಡಿಸುವ ತಜ್ಞರಾದ ಆರ್ಥೊಡಾಂಟಿಸ್ಟ್ ಒಬ್ಬರಿಗೆ ತೋರಿಸಿ ಎಂದಷ್ಟೇ ಬರೆದುಕೊಟ್ಟರು. ಸ್ಕೇಟಿಂಗ್, ಫುಟ್‌ಬಾಲ್ ಆಡುವಾಗ ಹಾಕಿಕೊಳ್ಳಲು ಮೌತ್‌ಗಾರ್ಡ್ ಮಾಡಿಸಿದ್ದೇವೆ. ಹಲ್ಲುಗಳು ಇನ್ನೂ ಬರುತ್ತಿರುವ ವಯಸ್ಸಾದ್ದರಿಂದ ಅದು ಬಿಗಿಯಾದಾಗಲೆಲ್ಲ ಬದಲಿಸಬೇಕಾಗುತ್ತದೆ.

ವರ್ಷದ ಎಕ್ಸ್‌ರೇ ಮುಂದಿನ ತಿಂಗಳು ಇದೆ, ಅದರಲ್ಲಿ ಬೇರೆ ಏನಾದರೂ ಕಂಡರೆ ಈ ಬರಹವನ್ನು ತಿದ್ದುತ್ತೇನೆ. ಹೋಗುವವರಿಗೆ ಇನ್ನಿಷ್ಟು: ಸೆಂಟ್ರಲ್ ಲೈನಿನ ಫಾಸ್ಟ್ ಲೋಕಲ್‌ಗಳು ಮಾಟುಂಗಾದಲ್ಲಿ ನಿಲ್ಲುವುದಿಲ್ಲ, ಸ್ಲೋ ಗಾಡಿಯನ್ನೇ ಹಿಡಿಯಬೇಕು. ಚಿಕಿತ್ಸಾಲಯಕ್ಕೆ ಭಾನುವಾರ ರಜೆ, ಉಳಿದ ದಿನ ಮುಂಚೆ ಕರೆ ಮಾಡಿದರೆ ಪೆಟ್ಟಾದ ಮಕ್ಕಳನ್ನು ನಡುವೆ ಸೇರಿಸಿಕೊಳ್ಳುತ್ತಾರೆ. ಬಿದ್ದ ಮಗುವಿಗೆ ಪ್ರಜ್ಞೆ ತಪ್ಪಿದ್ದರೆ, ವಾಂತಿಯಾಗುತ್ತಿದ್ದರೆ, ಮಂಪರು ಕವಿಯುತ್ತಿದ್ದರೆ ಹಲ್ಲಿನ ವಿಚಾರವನ್ನು ಬದಿಗಿಟ್ಟು ಮೊದಲು ಹತ್ತಿರದ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು. ಮಾಟುಂಗಾದ ಕಡೆಯವರಿಗೆ ಅದು ಸಯನ್ ಆಸ್ಪತ್ರೆ.